ಬಾಟಲಿಯೊಳಗಿನ ಎರಡನೇ ಔಷಧಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಾಟಲಿಯ ಸುತ್ತ ಇವೆ. ಡಾಕ್ಟರರ ಚೀಟಿಯಲ್ಲಿ ಅದು ಆಗ್ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್-ಸಿವಿ ಎಂದು ಬೇರೆ ಬೇರೆ ಹೆಸರಲ್ಲಿ ಇರುತ್ತದೆ. ಒಳಗಿರುವುದು ಒಂದೇ ಜೋಡಿ: ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ. ಪುಡಿಯಾಗಿ ಬರುತ್ತದೆ, ಮನೆಯಲ್ಲಿ ನೀರು ಬೆರೆಸಿ ಮಕ್ಕಳಿಗೆ ಕೊಡಬೇಕು. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇದೊಂದನ್ನೇ ಹಿಡಿದಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ, ಫಾರ್ಮಾಸಿಸ್ಟ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನ ಮೆಡಿಕಲ್ ಅಂಗಡಿ. ಕೂಸಿಗೆ ಈ ಔಷಧಿ ಬೇಕೋ ಬೇಡವೋ ಎಂದು ಹೇಳುವುದು ಅದನ್ನು ಮುಟ್ಟಿ ನೋಡಿದ ಡಾಕ್ಟರರ ಕೆಲಸ. ಬಾಟಲಿ ನನ್ನ ಕೌಂಟರ್ ದಾಟಿ ನಿಮ್ಮ ಅಡುಗೆಮನೆ ಸೇರಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ನನಗಿದೆ. ಅದನ್ನು ಬಿಟ್ಟುಕೊಡುವವಳಲ್ಲ.

“ಅಕ್ಕಾರೆ, ಮಗಳಿಗಿ ಮೂರು ವರ್ಷ. ಕಿವಿ ಬ್ಯಾನಿ ಅಂತ ತೋರಿಸಿದ್ವಿ. ಓಣ್ಯಾಗಿನ ಹುಡುಗನಿಗಿ ಬರೀ ಅಮಾಕ್ಸಿಸಿಲಿನ್ ಬರದಾರ, ನಮ್ಮಕಿಗಿ ಎರಡು ಹೆಸರಿಂದು ಬರದಾರ. ಇದು ಭಾಳ ಪಾವರ್‌ದ್ದೇನ್ರಿ? ಸಣ್ಣ ಕೂಸಿಗಿ ಇಷ್ಟು ಪಾವರ್ ತಡಿತದೇನು?”
ಒಬ್ಬ ತಾಯಿ, ಆಳಂದ

ಪಾವರ್ ಎನ್ನುವ ಮಾತು ನನ್ನ ಕೌಂಟರ್‌ನಲ್ಲಿ ದಿನಾ ಬೀಳುತ್ತದೆ. ಈ ಔಷಧಿಯ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ ತಂಗಿ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ವಂಶದ್ದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡ ಆ ಪೆನಿಸಿಲಿನ್. ಬ್ಯಾಕ್ಟೀರಿಯಾ ತನ್ನ ಮೈಗೋಡೆ ಕಟ್ಟಿಕೊಳ್ಳಲು ಬಿಡದಿರುವುದು ಇದರ ಕೆಲಸ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿಕೊಂಡಿವೆ. ಅಡಕತ್ತರಿ ಹಿಡಿದು ಕೂತವರ ಹಾಗೆ, ಅಮಾಕ್ಸಿಸಿಲಿನ್ ಬಂದ ಕೂಡಲೇ ಕತ್ತರಿಸಿ ಹಾಕುತ್ತವೆ. ಕ್ಲಾವುಲಾನಿಕ್ ಆಮ್ಲ ಆ ಅಡಕತ್ತರಿಯ ಬಾಯಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಅದಕ್ಕೆ ತೀರಾ ಕಮ್ಮಿ. 1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಇದನ್ನು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ ಪಡೆದರು. ಎರಡನ್ನೂ ಕೂಡಿಸಿದ ಔಷಧಿ 1981ರಲ್ಲಿ ಅಲ್ಲಿಯ ಮಾರುಕಟ್ಟೆಗೆ ಬಂತು.

ಅಂದಮೇಲೆ ಅಡಕತ್ತರಿ ಇಲ್ಲದ ಬ್ಯಾಕ್ಟೀರಿಯಾಕ್ಕೆ ಎರಡನೇ ಔಷಧಿಯಿಂದ ಏನೂ ಹೆಚ್ಚಿಗೆ ಆಗುವುದಿಲ್ಲ. ಗಂಟಲು ನೋವಿನ ಸ್ಟ್ರೆಪ್ ಬ್ಯಾಕ್ಟೀರಿಯಾ ಇವತ್ತಿಗೂ ಸಾದಾ ಪೆನಿಸಿಲಿನ್‌ಗೆ ಬಗ್ಗುತ್ತದೆ. ಚಿಕ್ಕ ಮಕ್ಕಳ ಸಾಮಾನ್ಯ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುವುದೂ ಬರೀ ಅಮಾಕ್ಸಿಸಿಲಿನ್ನೇ. ಪದೇ ಪದೇ ಬರುವ ಕಿವಿ ಸೋಂಕು, ಇತ್ತೀಚೆಗಷ್ಟೇ ಅಮಾಕ್ಸಿಸಿಲಿನ್ ತಗೊಂಡ ಮಗು, ನಾಯಿ ಕಚ್ಚಿದ ಗಾಯ, ಇಂಥ ಕಡೆ ಜೋಡಿ ಬೇಕಾಗುತ್ತದೆ. (ನಾಯಿ ಕಚ್ಚಿದಾಗ ಈ ಸಿರಪ್ ಕೊಟ್ಟೆವು, ಇನ್ನು ರೇಬೀಸ್ ಸೂಜಿ ಯಾಕೆ ಎಂದು ಕೇಳಿದವರು ಇದ್ದಾರೆ. ಸಿರಪ್‌ಗೂ ರೇಬೀಸ್‌ಗೂ ಸಂಬಂಧವೇ ಇಲ್ಲ. ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ, ಆಮೇಲೆ ನೇರ ದವಾಖಾನೆಗೆ ಹೋಗಿ.)

ನಿಮ್ಮ ಮಗಳಿಗೆ ಕಿವಿ ಹಿಂದೆಯೂ ನೋಯುತ್ತಿತ್ತೇ, ಹೋದ ತಿಂಗಳು ಏನಾದರೂ ಔಷಧಿ ಕೊಟ್ಟಿದ್ದಿರೇ, ನೀವು ಬರೆದಿಲ್ಲ. ಬಹುಶಃ ಡಾಕ್ಟರರು ಕೇಳಿದ್ದಾರೆ. ಕೂಸು ತಡೆಯುತ್ತದೆ, ಹೆದರಬೇಡಿ. ಒಂದು ಮಾತ್ರ ನೆನಪಿಡಿ: ನೀರು, ಫ್ರಿಜ್, ಊಟದ ಹೊತ್ತು, ಹೊಟ್ಟೆ ಕೆಡುವುದು ಎಂದು ಈ ಬಾಟಲಿಯ ಬಗ್ಗೆ ನಾವು ಹೇಳುವ ಕಟ್ಟುಪಾಡುಗಳಲ್ಲಿ ಹೆಚ್ಚಿನವು ಆ ಎರಡನೇ ಔಷಧಿಯಿಂದಲೇ ಬಂದವು. ಮುಂದಿನ ಉತ್ತರಗಳಲ್ಲಿ ಅದೇ ಮತ್ತೆ ಮತ್ತೆ ಎದುರಾಗುತ್ತದೆ.

“ನಮ್ಮೂರಾಗ ಮಧ್ಯಾಹ್ನ ಕರೆಂಟ್ ಇರಂಗಿಲ್ಲ. ಮನ್ಯಾಗ ಫ್ರಿಜ್ಜೂ ಇಲ್ಲ. ಬಾಟ್ಲಿ ಮ್ಯಾಲ ಫ್ರಿಜ್ಜಿನ್ಯಾಗ ಇಡ್ರಿ ಅಂತ ಬರದದ. ಹರವಿ ನೀರಾಗ ಇಟ್ಟರ ನಡೀತದೇನ್ರಿ? ನೀರು ಎಷ್ಟು ಹಾಕ್ಬೇಕು?”
ಅಂಗನವಾಡಿ ಕಾರ್ಯಕರ್ತೆ, ಜೇವರ್ಗಿ ತಾಲ್ಲೂಕು

ನೀರಿನಿಂದ ಶುರು ಮಾಡೋಣ. ಹೆಚ್ಚು ಕೆಡುವುದು ಅಲ್ಲೇ.

ನೀರು ಕುದಿಸಿ ಪೂರ್ತಿ ಆರಿಸಿ. ಬಿಸಿ ನೀರು ಬೇಡವೇ ಬೇಡ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಅಂಗೈಗೆ ಬಡಿದು ತಳಕ್ಕೆ ಅಂಟಿದ ಪುಡಿ ಸಡಿಲ ಮಾಡಿ. ಅರ್ಧದಷ್ಟು ನೀರು ಹಾಕಿ ಜೋರಾಗಿ ಅಲ್ಲಾಡಿಸಿ. ಆಮೇಲೆ ಬಾಟಲಿಯ ಮೇಲಿನ ಗೆರೆಯ ತನಕ ತುಂಬಿ ಮತ್ತೆ ಅಲ್ಲಾಡಿಸಿ. ನೊರೆ ಇಳಿದ ಮೇಲೆ ನೋಡಿದರೆ ಮಟ್ಟ ಗೆರೆಗಿಂತ ಕೆಳಗೆ ಹೋಗಿರುತ್ತದೆ. ಮತ್ತೆ ಗೆರೆಯ ತನಕ ತುಂಬಬೇಕು. ಈ ಕೊನೆಯ ಹೆಜ್ಜೆಯನ್ನು ಹತ್ತರಲ್ಲಿ ಎಂಟು ಜನ ಬಿಡುತ್ತಾರೆ ಎಂದು ನನ್ನ ಗುಮಾನಿ. ಗೆರೆಗಿಂತ ಕಮ್ಮಿ ಇದ್ದರೆ ಪ್ರತಿ ಚಮಚೆಯಲ್ಲೂ ಔಷಧಿ ಹೆಚ್ಚು, ಮೇಲೆ ಹೋದರೆ ಪ್ರತಿ ಚಮಚೆಯೂ ತೆಳು. ಕೆಲವು ಡಬ್ಬಿಗಳಲ್ಲಿ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಶುದ್ಧ ನೀರು ಬಂದಿರುತ್ತದೆ. ಅದಿದ್ದರೆ ಅದನ್ನೇ ಹಾಕಿ, ಕುದಿಸುವ ಗೋಜಿಲ್ಲ. ಬೆರೆಸಿದ ತಾರೀಖನ್ನು ಪೆನ್ನಿನಿಂದ ಲೇಬಲ್ ಮೇಲೆ ಬರೆಯಿರಿ. ಡಬ್ಬಿಯ ಮೇಲೆ ಅಚ್ಚಾದ ಎಕ್ಸ್‌ಪೈರಿ ತಾರೀಖು ಒಣ ಪುಡಿಯದ್ದು. ನೀರು ಬಿದ್ದ ಕ್ಷಣದಿಂದ ಆ ತಾರೀಖಿಗೆ ಬೆಲೆ ಇಲ್ಲ.

ಈಗ ಫ್ರಿಜ್. ನೀರು ಕಂಡ ಕ್ಲಾವುಲಾನಿಕ್ ಆಮ್ಲ ಒಡೆಯತೊಡಗುತ್ತದೆ, ಸೆಕೆ ಹೆಚ್ಚಾದಷ್ಟೂ ಬೇಗ ಒಡೆಯುತ್ತದೆ. ಅದಕ್ಕೇ 2ರಿಂದ 8 ಡಿಗ್ರಿಯಲ್ಲಿ ಇಟ್ಟು, ಸಾಮಾನ್ಯವಾಗಿ 7 ದಿನದೊಳಗೆ ಬಳಸಿ ಎನ್ನುತ್ತಾರೆ. ನಿಮ್ಮ ಬಾಟಲಿಯ ಲೇಬಲ್ ಏನು ಹೇಳುತ್ತದೋ ನೋಡಿಕೊಳ್ಳಿ. ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ನಮ್ಮ ಕಡೆ ಪತ್ರಾಸಿನ ಮನೆಯಲ್ಲಿ ಆ ಬಾಟಲಿಯ ಗತಿ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಸಿಹಿ ಇರುತ್ತದೆ, ವಾಸನೆಯೂ ಇರುತ್ತದೆ, ಎರಡನೇ ಔಷಧಿ ಮಾತ್ರ ಸೊರಗಿರುತ್ತದೆ. ಬಣ್ಣ ಕಡು ಹಳದಿಗೋ ಕಂದಿಗೋ ತಿರುಗಿದ್ದರೆ ಕೊಡಲೇಬೇಡಿ. ಹರವಿಯ ಪಕ್ಕ ಸ್ವಲ್ಪ ತಂಪು ಸಿಗುತ್ತದೆ ಖರೆ, 8 ಡಿಗ್ರಿ ಸಿಗುವುದಿಲ್ಲ.

ಕರೆಂಟ್ ಹೋಗಿ ಬಂದು ಮಾಡುವ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯದಿದ್ದರೆ ಎರಡು ಮೂರು ತಾಸು ತಂಪು ನಿಲ್ಲುತ್ತದೆ, ಚಿಂತೆ ಬೇಡ. ಬಾಗಿಲಿನ ಗೂಡಿನಲ್ಲಿ ಬೇಡ, ಒಳಗಿನ ಹಲಗೆಯ ಮೇಲಿಡಿ. ಬರ್ಫದ ಖಾನೆಯಲ್ಲೂ ಬೇಡ. ಫ್ರಿಜ್ಜೇ ಇಲ್ಲದವರು ಡಾಕ್ಟರರ ಮುಂದೆ ನಾಚಿಕೆ ಬಿಟ್ಟು ಹೇಳಬೇಕು: “ಸರ್, ಮನ್ಯಾಗ ಫ್ರಿಜ್ ಇಲ್ಲ.” ಇದೇ ಜೋಡಿ ಮಕ್ಕಳ ಅಳತೆಯಲ್ಲಿ ನೀರಲ್ಲಿ ಕರಗುವ ಗುಳಿಗೆಯಾಗಿಯೂ ಸಿಗುತ್ತದೆ, ಡಿಟಿ ಎಂದು ಬರೆದಿರುತ್ತದೆ. ಕೊಡುವ ಹೊತ್ತಿಗೆ ಒಂದನ್ನು ಪಟ್ಟಿಯಿಂದ ತೆಗೆದು ಚೂರು ನೀರಲ್ಲಿ ಕರಗಿಸಿ ಆಗಲೇ ಕುಡಿಸಿದರೆ ಆಯಿತು. ಮೊದಲೇ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ, ಗಾಳಿಯ ತೇವವೂ ಅದಕ್ಕೆ ಆಗದು. ನಿಮ್ಮಂಥ ಅಂಗನವಾಡಿಯವರು ಈ ಒಂದು ಮಾತನ್ನು ತಾಯಂದಿರ ಸಭೆಯಲ್ಲಿ ಹೇಳಿದರೆ ನನ್ನ ಅರ್ಧ ಅಂಕಣ ಬರೆದಂತೆ.

“ಡಾಕ್ಟರ್ ಒಂದು ಚಮಚಾ ಮುಂಜಾನಿ, ಒಂದು ಚಮಚಾ ಸಂಜಿಗಿ ಅಂದ್ರು. ಹೋದ ವರ್ಷದ ಬಾಟ್ಲಿ ಮ್ಯಾಲ 228.5 ಇತ್ತು, ಈ ಸಲ 457 ಅದ. ಅಂಗಡ್ಯಾವ ಅದೇ ಇದು, ತಗೋರಿ ಅಂದ. ಹಂಗೇ ಒಂದು ಚಮಚಾ ಕೊಡ್ಲೇನು?”
ಒಬ್ಬ ತಂದೆ, ಚಿತ್ತಾಪುರ

ತಮ್ಮಾ, ಇದಕ್ಕೆ ನಿಧಾನವಾಗಿ ಉತ್ತರ ಕೊಡುತ್ತೇನೆ, ನೀವೂ ನಿಧಾನ ಓದಿ.

228.5 ಅಂದರೆ 5 ಮಿ.ಲೀ.ನಲ್ಲಿ 200 ಮಿ.ಗ್ರಾಂ ಅಮಾಕ್ಸಿಸಿಲಿನ್, 28.5 ಮಿ.ಗ್ರಾಂ ಕ್ಲಾವುಲಾನಿಕ್ ಆಮ್ಲ. 457 ಅಂದರೆ ಅಷ್ಟೇ 5 ಮಿ.ಲೀ.ನಲ್ಲಿ 400 ಮತ್ತು 57. ಸರಿಯಾಗಿ ಎರಡು ಪಟ್ಟು. ಬಾಟಲಿಯ ಗಾತ್ರ, ಬಣ್ಣ, ಸ್ಟ್ರಾಬೆರಿ ವಾಸನೆ ಎಲ್ಲ ಒಂದೇ ಇರಬಹುದು, ಔಷಧಿ ದುಪ್ಪಟ್ಟು. “ಅದೇ ಇದು” ಎಂದ ಅಂಗಡಿಯವರು ಚೀಟಿಯನ್ನು ಇನ್ನೊಮ್ಮೆ ನೋಡಲಿ.

ಪ್ರಮಾಣ ಹಾಕುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ, ಅದೂ ಅಮಾಕ್ಸಿಸಿಲಿನ್ ಭಾಗದ ಲೆಕ್ಕದಲ್ಲಿ. ಈ ಎರಡು ಬಗೆಯ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 45 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ. 12 ಕಿಲೋ ಕೂಸಿಗೆ 228.5ರ ಸಿರಪ್ 5 ಮಿ.ಲೀ. ಎರಡು ಹೊತ್ತು ಕೊಟ್ಟರೆ ದಿನಕ್ಕೆ 400 ಮಿ.ಗ್ರಾಂ, ಕಿಲೋಗೆ ಸುಮಾರು 33. ಸರಿಯಾಯಿತು. ಅದೇ ಒಂದು ಚಮಚೆ 457 ಆದರೆ 800 ಮಿ.ಗ್ರಾಂ, ಕಿಲೋಗೆ 67ರ ಹತ್ತಿರ. ಕೆಲವು ಕಿವಿ ಸೋಂಕುಗಳಿಗೆ ಡಾಕ್ಟರರೇ ಬೇಕೆಂದು 90ರ ತನಕ ಏರಿಸುವುದುಂಟು. ಆಗ ಬೇರೆ ಸಿರಪ್ ಬರೆಯುತ್ತಾರೆ, 5 ಮಿ.ಲೀ.ನಲ್ಲಿ 600 ಮತ್ತು 42.9 ಇರುವಂಥದ್ದು. ನೋಡಿ, ಮೊದಲನೆಯದು ಏರಿದರೂ ಎರಡನೆಯದನ್ನು ಏರಗೊಟ್ಟಿಲ್ಲ. ಹೊಟ್ಟೆ ಕೆಡಿಸುವುದು ಅದೇ ಎಂದು ತಯಾರಕರಿಗೂ ಗೊತ್ತು. ಇಂಥ ಲೆಕ್ಕವನ್ನು ನೀವು ಮನೆಯಲ್ಲಿ ಕೂತು ಹಾಕಿ ಕೊಡಿ ಎಂದು ಹೇಳುತ್ತಿಲ್ಲ. ಚೀಟಿಯಲ್ಲಿನ ಸಂಖ್ಯೆಗೂ ಬಾಟಲಿಯ ಸಂಖ್ಯೆಗೂ ತಾಳೆ ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ, ಡಾಕ್ಟರರಿಗೆ ಫೋನ್ ಮಾಡಿಸಿ. ಮೂತ್ರಪಿಂಡದ ತೊಂದರೆ ಇರುವ ಮಗುವಾದರೆ ಇದನ್ನು ಮೊದಲೇ ಹೇಳಬೇಕು, ಪ್ರಮಾಣವೇ ಬದಲಾಗಬಹುದು.

ತೂಕ ಈ ವಾರದ್ದಿರಲಿ. ತಾಯಿ ಕಾರ್ಡಿನಲ್ಲಿರುವ ಹಳೇ ತೂಕ ಹೇಳಿ ಚೀಟಿ ಬರೆಸಿಕೊಂಡು ಬರುವವರಿದ್ದಾರೆ.

ಇನ್ನು ಚಮಚೆ. ಮನೆಯ ಚಮಚೆಗಳಲ್ಲಿ ಯಾವುದೂ ಒಂದರಂತೆ ಒಂದಿಲ್ಲ. ಡಬ್ಬಿಯ ಜೊತೆ ಬಂದ ಗೆರೆ ಇರುವ ಕಪ್ಪು ಬಳಸಿ, ನೆಲದ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಎರಡು ವರ್ಷದೊಳಗಿನವರಿಗೆ ಸೂಜಿ ಇಲ್ಲದ ಸಿರಿಂಜ್ ಉತ್ತಮ, ಕೆಲವೇ ರೂಪಾಯಿ. ಗಂಟಲಿಗೆ ನೇರ ಚಿಮ್ಮಿಸದೆ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಿ. ಪ್ರತಿ ಸಲ ಕೊಡುವ ಮೊದಲು ಬಾಟಲಿ ಅಲ್ಲಾಡಿಸಿ. ತಳಕ್ಕೆ ಕೂರುವ ಔಷಧಿ ಇದು. ಅಲ್ಲಾಡಿಸದೆ ಕೊಟ್ಟರೆ ಮೊದಲ ದಿನ ಸಿಹಿನೀರು, ಕೊನೇ ದಿನ ಗಟ್ಟಿ ಔಷಧಿ.

“ನನ್ನ ಹೆಂಡತಿಗಿ ಹಲ್ಲಿಗಿ ಬರೆದಿದ್ದ 625ರ ಗುಳಿಗಿ ಉಳದಾವ. ಐದು ವರ್ಷದ ಮಗನಿಗಿ ಅರ್ಧಾ ಮುರದು ಕೊಡಬಹುದಾ?”
ಓದುಗ, ಹುಮನಾಬಾದ್

ಬೇಡ. 625ರಲ್ಲಿ 500 ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಮ್ಲ ಇರುತ್ತದೆ, ಅಂದರೆ ನಾಲ್ಕಕ್ಕೆ ಒಂದು. ಮಕ್ಕಳ ಸಿರಪ್‌ನಲ್ಲಿ ಏಳಕ್ಕೆ ಒಂದು. ಗುಳಿಗೆ ಮುರಿದು 400 ಮಿ.ಗ್ರಾಂ ಹೊಂದಿಸಿದರೆ ಎರಡನೆಯದು 57ರ ಬದಲು 100 ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗೂ ಇದೇ ಮಾತು: 375ರ ಎರಡು ಗುಳಿಗೆ ಸೇರಿದರೆ ಒಂದು 625 ಆಗುವುದಿಲ್ಲ, 375ರಲ್ಲೂ ಕ್ಲಾವುಲಾನಿಕ್ ಆಮ್ಲ 125 ಇರುತ್ತದೆ. ನಿಮ್ಮ ಮನೆಯವರಿಗೆ ಗುಳಿಗೆ ಯಾಕೆ ಉಳಿಯಿತು ಎನ್ನುವುದು ಬೇರೆ ಪ್ರಶ್ನೆ. ಅದನ್ನು ನೀವು ಕೇಳಿಲ್ಲ, ನಾನು ಕೇಳುತ್ತಿದ್ದೇನೆ.

“ಔಷಧ ಶುರು ಮಾಡಿ ಎರಡು ದಿನಕ್ಕ ಕೂಸಿಗಿ ಸಂಡಾಸ ಹತ್ಯದ. ಅತ್ತಿಯವರು ಔಷಧ ಬಿಡು, ಬಿಟ್ರ ನಿಲ್ತದ ಅಂತಾರ. ಡಾಕ್ಟರ್ ಬಿಡಬ್ಯಾಡ ಅಂದಾರ. ಯಾರ ಮಾತು ಕೇಳ್ಲಿ?”
ಸೊಸೆ, ಶಹಾಪುರ

ಅತ್ತೆಯವರು ನೋಡಿದ್ದು ಸುಳ್ಳಲ್ಲ. ಈ ಔಷಧಿಗೂ ಭೇದಿಗೂ ನಂಟಿದೆ. ಬರೀ ಅಮಾಕ್ಸಿಸಿಲಿನ್‌ಗಿಂತ ಜೋಡಿಯಲ್ಲಿ ಇದು ಹೆಚ್ಚು, ಕಾರಣ ಮತ್ತೆ ಆ ಎರಡನೆಯದೇ. ಹಾಗಂತ ಬಿಟ್ಟುಬಿಡುವ ಕಾರಣ ಇದಲ್ಲ.

ಮೊದಲು ಕೊಡುವ ಹೊತ್ತು ಸರಿ ಮಾಡಿ. ಊಟದ ಮೊದಲ ತುತ್ತಿನ ಜೊತೆ ಕೊಡಿ, ಬರಿ ಹೊಟ್ಟೆಯಲ್ಲಿ ಬೇಡ. ಹಾಗೆ ಕೊಟ್ಟರೆ ಹೊಟ್ಟೆ ತೊಳಸುವುದು ಕಮ್ಮಿ, ಜೊತೆಗೆ ಕ್ಲಾವುಲಾನಿಕ್ ಆಮ್ಲ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ, ಯಾವುದಾದರೂ ಆಗುತ್ತದೆ. ಹಾಲಿನ ಜೊತೆ ಕೊಡಬಾರದ ಆಂಟಿಬಯೋಟಿಕ್‌ಗಳು ಬೇರೆ ಇವೆ, ಇದು ಆ ಸಾಲಿಗೆ ಸೇರದು. ಎದೆಹಾಲು ಕುಡಿಯುವ ಕೂಸಾದರೆ ಕುಡಿಸುವುದನ್ನು ನಿಲ್ಲಿಸಬೇಡಿ.

ಪ್ರತಿ ಸಲ ಸಂಡಾಸ ಆದ ಮೇಲೆ ಓಆರ್‌ಎಸ್ ಕುಡಿಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣ ಪೊಟ್ಟಣ 200 ಮಿ.ಲೀ.ಗೆ. ಅರ್ಧ ಪೊಟ್ಟಣ ಲೋಟಕ್ಕೆ ಅಂದಾಜಿನಲ್ಲಿ ಉದುರಿಸುವ ಪದ್ಧತಿ ಬೇಡ. ಕೂಸಿಗೆ ಆರು ತಿಂಗಳು ದಾಟಿದ್ದರೆ ಜಿಂಕ್ 20 ಮಿ.ಗ್ರಾಂ ದಿನಕ್ಕೊಮ್ಮೆ 14 ದಿನ. ಆಶಾ ಕಾರ್ಯಕರ್ತೆಯರ ಹತ್ತಿರ ಎರಡೂ ಸಿಗುತ್ತವೆ. ಚಿಕ್ಕ ಮಕ್ಕಳ ಭೇದಿ ನಿಲ್ಲಿಸುವ ಗುಳಿಗೆ ಕೇಳಿಕೊಂಡು ಅಂಗಡಿಗೆ ಹೋಗಬೇಡಿ.

ಸಂಡಾಸದಲ್ಲಿ ರಕ್ತ, ನೀರಿನಂತೆ ಮೇಲಿಂದ ಮೇಲೆ ಹೋಗುವುದು, ಕಣ್ಣು ಗುಳಿ ಬೀಳುವುದು, ಉಚ್ಚೆ ಕಮ್ಮಿಯಾಗುವುದು, ಕೂಸು ಮಂಕಾಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ದವಾಖಾನೆಗೆ ಹೋಗಿ. ಆಗ ಔಷಧಿ ಬಿಡಬೇಕೋ ಬದಲಿಸಬೇಕೋ ಅವರು ಹೇಳುತ್ತಾರೆ. ಇವೇನೂ ಇಲ್ಲದೆ ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಹೋಗುತ್ತಿದ್ದು ಆಟ ಆಡಿಕೊಂಡಿದ್ದರೆ ಡಾಕ್ಟರರ ಮಾತೇ ಸರಿ. ಅತ್ತೆಯವರಿಗೆ ಓಆರ್‌ಎಸ್ ಕುಡಿಸುವ ಕೆಲಸ ಒಪ್ಪಿಸಿ. ಈ ಕೆಲಸದಲ್ಲಿ ಅಜ್ಜಿಯರಿಗೆ ಇರುವ ತಾಳ್ಮೆ ನಮಗಿಲ್ಲ.

ಕೊಟ್ಟ ಅರ್ಧ ತಾಸಿನೊಳಗೆ ಪೂರ್ತಿ ವಾಂತಿ ಮಾಡಿದರೆ ಅದೇ ಪ್ರಮಾಣ ಇನ್ನೊಮ್ಮೆ ಕೊಡಬಹುದು. ಆಮೇಲೆ ಮಾಡಿದರೆ ಮುಂದಿನ ಹೊತ್ತಿಗೆ ಕೊಟ್ಟರೆ ಸಾಕು. ಹೊಲದ ಕೆಲಸದಲ್ಲಿ ಒಂದು ಹೊತ್ತು ಮರೆತು, ನಾಲ್ಕು ತಾಸಿನೊಳಗೆ ನೆನಪಾದರೆ ಕೊಡಿ. ಅದಕ್ಕೂ ತಡವಾದರೆ ಬಿಟ್ಟುಬಿಡಿ. ಎರಡು ಹೊತ್ತಿನದು ಕೂಡಿಸಿ ಕೊಡುವುದು ಮಾತ್ರ ಯಾವತ್ತೂ ಬೇಡ.

“ಐದು ದಿನ ಕೊಡ್ರಿ ಅಂದಿದ್ರು. ಮೂರನೇ ದಿನಕ್ಕ ಬಾಟ್ಲಿ ಮುಗೀತು, ಜ್ವರಾನೂ ಹೋಗಿತ್ತು. ಕೋರ್ಸ್ ಮುಗೀತು ಅಂತ ಬಿಟ್ವಿ. ಈಗ ಮತ್ತ ಜ್ವರ ಬಂದದ.”
ಒಬ್ಬ ತಾಯಿ, ಕಲಬುರಗಿ

ಈ ಪತ್ರ ಓದಿ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, ನಮ್ಮ ಕಸುಬಿನವರ ಮೇಲೆ. ಸಿರಪ್ ಬಾಟಲಿ ಹೆಚ್ಚಾಗಿ 30 ಮಿ.ಲೀ. ದಿನಕ್ಕೆ 10 ಮಿ.ಲೀ. ಹೋದರೆ ಮೂರು ದಿನಕ್ಕೆ ಖಾಲಿ. ಐದು ದಿನಕ್ಕೆ 50 ಮಿ.ಲೀ. ಬೇಕು, ಅಂದರೆ ಎರಡು ಬಾಟಲಿ. ಈ ಕೂಡಿಸುವ ಲೆಕ್ಕವನ್ನು ಕೌಂಟರ್‌ನಲ್ಲೇ ಹಾಕಿ ಹೇಳಬೇಕಾದವರು ನಾವು. ಎಷ್ಟೋ ಕಡೆ ಒಂದು ಬಾಟಲಿ ಕೈಗಿಟ್ಟು ಕಳಿಸುತ್ತಾರೆ. ಬಾಟಲಿ ಮುಗಿದರೆ ಚಿಕಿತ್ಸೆ ಮುಗಿಯಿತು ಎಂದು ಜನ ತಿಳಿಯುವುದರಲ್ಲಿ ಏನು ಆಶ್ಚರ್ಯ?

ಮುಂದಿನ ಸಲ ಚೀಟಿ ಕೈಗೆ ಬಂದ ಕೂಡಲೇ ಮೂರು ಸಂಖ್ಯೆ ಕೇಳಿ ಗುಣಿಸಿ: ಒಂದು ಹೊತ್ತಿಗೆ ಎಷ್ಟು ಮಿ.ಲೀ., ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ. ಎರಡು ಬಾಟಲಿ ಬೇಕಾದರೆ ಎರಡನ್ನೂ ಒಯ್ಯಿರಿ, ಆದರೆ ಎರಡನೆಯದಕ್ಕೆ ನೀರು ಹಾಕುವುದು ಮೊದಲನೆಯದು ಮುಗಿದ ಮೇಲೆ.

ಈಗ ಬಂದಿರುವ ಜ್ವರಕ್ಕೆ ನೀವಾಗಿಯೇ ಇನ್ನೊಂದು ಬಾಟಲಿ ತರಬೇಡಿ, ಡಾಕ್ಟರರಿಗೆ ಮತ್ತೆ ತೋರಿಸಿ. ಅದೇ ಸೋಂಕು ಉಳಿದಿದೆಯೋ, ಬೇರೆ ಏನೋ ಬಂದಿದೆಯೋ ನೋಡಬೇಕು. ಮೂರು ದಿನಕ್ಕೇ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಬೈದರೆ ಬೈಸಿಕೊಳ್ಳಿ.

ದಿನಗಳ ಲೆಕ್ಕ ಕಾಯಿಲೆಯಿಂದ ಕಾಯಿಲೆಗೆ ಬೇರೆ. ಸ್ಟ್ರೆಪ್ ಗಂಟಲಿಗೆ ಹತ್ತು ದಿನ ಹೇಳುವುದು ವಾಡಿಕೆ, ಬೇರೆ ಕೆಲವಕ್ಕೆ ಐದೇ ಸಾಕು. ಹೇಳಿದ್ದಕ್ಕಿಂತ ಮೊದಲು ಬಿಡುವುದು ಹೇಗೆ ತಪ್ಪೋ, ದುಡ್ಡು ಕೊಟ್ಟಿದ್ದೇವೆ ಎಂದು ಬಾಟಲಿ ಖಾಲಿಯಾಗುವ ತನಕ ಕುಡಿಸುವುದೂ ಹಾಗೇ ತಪ್ಪು. ನಿಮ್ಮ ಲೆಕ್ಕದಲ್ಲಿ ಎರಡನೇ ಬಾಟಲಿಯಲ್ಲಿ 10 ಮಿ.ಲೀ. ಉಳಿಯುತ್ತದೆ. ಅದು ತಮ್ಮನಿಗಲ್ಲ, ಪಕ್ಕದ ಮನೆಯವರಿಗಲ್ಲ, ಮುಂದಿನ ನೆಗಡಿಗೂ ಅಲ್ಲ. ಬಳಸಿದ ಚಹಾಪುಡಿಯಲ್ಲೋ ಮಣ್ಣಿನಲ್ಲೋ ಕಲಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮೋರಿಗೆ ಸುರಿಯಬೇಡಿ.

“ನಾಲ್ಕು ತಿಂಗಳಿದ್ದಾಗ ಇದೇ ಔಷಧ ಕೊಟ್ಟಾಗ ಮೈಮ್ಯಾಲ ಕೆಂಪು ಗುಳ್ಳಿ ಬಂದಿದ್ವು. ಪೆನಿಸಿಲಿನ್ ಆಗಿಬರಂಗಿಲ್ಲ ಅಂತ ಕಾರ್ಡಿನ್ಯಾಗ ಬರದಾರ. ಈಗ ಆರು ವರ್ಷ. ಜೀವನಪೂರ್ತಿ ಹಿಂಗೇನಾ?”
ಶಿಕ್ಷಕಿ, ಬೀದರ್

ಹಾಗೇನೂ ಇಲ್ಲ, ಆದರೆ ನಿರ್ಧಾರ ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಈ ಔಷಧಿ ಕುಡಿಯುವ ಮಕ್ಕಳಲ್ಲಿ ಎರಡು ಬಗೆಯ ಗುಳ್ಳೆ ಕಾಣಬಹುದು. ಒಂದು, ಕೆಲವು ದಿನ ಕಳೆದ ಮೇಲೆ ಹೊಟ್ಟೆ ಬೆನ್ನಿನ ಮೇಲೆ ಚಪ್ಪಟೆ ಗುಲಾಬಿ ಚುಕ್ಕೆ, ತುರಿಕೆ ಅಷ್ಟಾಗಿ ಇಲ್ಲ. ಎಷ್ಟೋ ಸಲ ಇದು ಕಾಯಿಲೆ ತಂದ ವೈರಸ್‌ನದ್ದೇ ಆಗಿರುತ್ತದೆ. ಇನ್ನೊಂದು, ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಏಳುವ ಉಬ್ಬಿದ, ಭಾರೀ ತುರಿಸುವ ದದ್ದು. ನಾವು ಪಿತ್ತಗಂಧೆ ಅನ್ನುತ್ತೇವಲ್ಲ, ಆ ಥರ. ಜೊತೆಗೆ ತುಟಿ, ಕಣ್ಣಿನ ರೆಪ್ಪೆ ಊದಿಕೊಂಡರೆ, ಉಸಿರು ಸುಂಯ್‌ಗುಟ್ಟಿದರೆ, ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಗುಳ್ಳೆ ಯಾವ ಬಗೆಯದೇ ಇರಲಿ, ಮುಂದಿನ ಹೊತ್ತು ಕೊಡುವ ಮೊದಲು ಡಾಕ್ಟರರನ್ನು ಕೇಳಬೇಕು. ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ದವಾಖಾನೆ ಮುಟ್ಟುವ ಹೊತ್ತಿಗೆ ಗುಳ್ಳೆ ಮಾಯವಾಗಿರುತ್ತದೆ.

ಪೆನಿಸಿಲಿನ್ ಅಲರ್ಜಿ ಎಂದು ಬರೆಸಿಕೊಂಡವರನ್ನು ತಜ್ಞರು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇಲ್ಲ ಎಂದೇ ತಿಳಿದುಬರುತ್ತದೆ. ಈ ಹಣೆಪಟ್ಟಿ ಸುಮ್ಮನೆ ಉಳಿದರೆ ಪ್ರತಿ ಸೋಂಕಿಗೂ ಮಗುವಿಗೆ ಎರಡನೇ ದರ್ಜೆಯ, ಹೆಚ್ಚು ಅಡ್ಡಪರಿಣಾಮದ ಔಷಧಿ ಬೀಳುತ್ತದೆ. ಅದಕ್ಕೇ ಮಕ್ಕಳ ತಜ್ಞರ ಹತ್ತಿರ ಈ ಮಾತು ಎತ್ತಿ. ಅಂದು ಎಷ್ಟನೇ ದಿನ ಗುಳ್ಳೆ ಬಂತು, ತುರಿಸುತ್ತಿತ್ತೇ, ಊದಿತ್ತೇ, ಎಷ್ಟು ದಿನಕ್ಕೆ ಹೋಯಿತು ಎಂದು ನೆನಪು ಮಾಡಿ ಬರೆದುಕೊಂಡು ಹೋಗಿ. ಪರೀಕ್ಷೆ ಆಗುವ ತನಕ ಕಾರ್ಡಿನಲ್ಲಿರುವುದೇ ಖರೆ. ಯಾವ ಅಂಗಡಿಯಲ್ಲಿ ಔಷಧಿ ಕೊಂಡರೂ ಮೊದಲು ಅದನ್ನು ಹೇಳಿ. ಮನೆಯಲ್ಲಿ ಚೂರು ಕುಡಿಸಿ ನೋಡುವ ಸಾಹಸ ಖಂಡಿತ ಬೇಡ.

“ನೆಗಡಿ ಕೆಮ್ಮು ಬಂದಾಗೆಲ್ಲ ಚೀಟಿ ಇಲ್ಲದೇ ಇದೇ ಸಿರಪ್ ತರ್ತೀವಿ, ಆರಾಮ ಆಗ್ತದ. ನಿಮ್ಮಂಗಡ್ಯಾಗ ಯಾಕ ಕೊಡಂಗಿಲ್ರಿ?”
ಗಿರಾಕಿ, ಕಲಬುರಗಿ

ನಿಮ್ಮನ್ನು ಗುರುತು ಹಿಡಿದೆ ಅಣ್ಣಾ, ನಮಸ್ಕಾರ.

ಇದು ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಒಂದು ಕಡೆ ಇರಲಿ. ನೆಗಡಿ ತರುವುದು ವೈರಸ್. ವೈರಸ್‌ಗೆ ಮೈಗೋಡೆಯೂ ಇಲ್ಲ, ಅಡಕತ್ತರಿಯೂ ಇಲ್ಲ. ಈ ಬಾಟಲಿಯ ಎರಡು ಔಷಧಿಗೂ ಅಲ್ಲಿ ಮಾಡಲು ಕೆಲಸವಿಲ್ಲ. ವಾರಕ್ಕೆ ತಾನಾಗಿ ಹೋಗುವ ನೆಗಡಿ ಸಿರಪ್ ಕುಡಿದರೂ ವಾರಕ್ಕೇ ಹೋಗುತ್ತದೆ, ಹೆಸರು ಮಾತ್ರ ಸಿರಪ್‌ಗೆ. ಈ ನಡುವೆ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಔಷಧಿಯ ಪರಿಚಯ ಮಾಡಿಕೊಟ್ಟಂತಾಯಿತು. ಆಮೇಲೆ “ಇದು ಹತ್ತವಲ್ದು, ಇನ್ನೂ ಪಾವರ್‌ದ್ದು ಕೊಡ್ರಿ” ಎಂದು ಸೆಫಿಕ್ಸಿಮ್ ಕೇಳಲು ಬರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಮ್ಲವನ್ನು ಎಲ್ಲರಿಗೂ ಕೈಗೆಟುಕುವಂತೆ ಇರಬೇಕಾದ ಆಂಟಿಬಯೋಟಿಕ್‌ಗಳ ಪಟ್ಟಿಯಲ್ಲಿಟ್ಟಿದೆ, ಸೆಫಿಕ್ಸಿಮ್ ಅನ್ನು ಕಣ್ಣಿಟ್ಟು ಬಳಸಬೇಕಾದವುಗಳ ಪಟ್ಟಿಯಲ್ಲಿ. ಮೊದಲ ಪಟ್ಟಿಯದನ್ನು ನೆಗಡಿಗೆ ಸವೆಸಿದರೆ ಎರಡನೆಯದಕ್ಕೆ ಕೈ ಹಾಕಲೇಬೇಕಾಗುತ್ತದೆ.

ಕೆಮ್ಮಿನ ಕೂಸನ್ನು ದವಾಖಾನೆಗೆ ಯಾವಾಗ ಒಯ್ಯಬೇಕು ಎಂಬುದನ್ನು ಕಲಿಯುವುದು ಸಿರಪ್ ತರುವುದಕ್ಕಿಂತ ಉಪಯೋಗ. ಕೂಸು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಅವತ್ತೇ ಹೋಗಿ. ಕೂಸು ಹಾಲು ಬಿಟ್ಟರೂ ಹೋಗಿ. ಇವೇನೂ ಇಲ್ಲದ ನೆಗಡಿಗೆ ಮೂಗಿಗೆ ಉಪ್ಪುನೀರಿನ ಹನಿ, ವರ್ಷ ದಾಟಿದವರಿಗೆ ಚೂರು ಜೇನುತುಪ್ಪ, ಬೆಚ್ಚಗಿನ ಸಾರು. ಜೇನು ವರ್ಷದೊಳಗಿನವರಿಗೆ ಬೇಡ.

ಚಿಲ್ಲರೆ ಪ್ರಶ್ನೆಗಳು ಕೆಲವು.

ಗುರುಮಠಕಲ್‌ನಿಂದ ಒಬ್ಬರು: ಸಿರಪ್ ಕುಡಿದು ಹಲ್ಲು ಹಳದಿಯಾಗಿದೆ. ಹೌದು, ಅಪರೂಪಕ್ಕೆ ಆಗುತ್ತದೆ, ಮೇಲ್ಮೈಯ ಕಲೆ ಅಷ್ಟೇ. ಚೆನ್ನಾಗಿ ಹಲ್ಲುಜ್ಜಿದರೆ ಹೋಗುತ್ತದೆ.

ಸೇಡಂನಿಂದ: ಔಷಧಿ ನಡೆಯುತ್ತಿರುವಾಗ ಪೋಲಿಯೊ ಹನಿ ಹಾಕಿಸಬಹುದೇ? ಹಾಕಿಸಿ. ಆಂಟಿಬಯೋಟಿಕ್ ಎಂದು ಲಸಿಕೆ ಮುಂದೂಡಬೇಕಿಲ್ಲ. ಕೂಸಿಗೆ ಜೋರು ಜ್ವರ ಇದ್ದರೆ ಮಾತ್ರ ಲಸಿಕೆ ಹಾಕುವವರನ್ನು ಕೇಳಿ.

ಭಾಲ್ಕಿಯಿಂದ: ಈ ಔಷಧಿಯಿಂದ ಕಾಮಣಿ ಆಗುತ್ತದಂತೆ, ಖರೆಯೇ? ಮಕ್ಕಳಲ್ಲಿ ಬಹಳ ಅಪರೂಪ, ವಯಸ್ಸಾದ ಗಂಡಸರಲ್ಲಿ ಹೆಚ್ಚು. ಔಷಧಿ ಮುಗಿದು ಕೆಲವು ವಾರ ಆದ ಮೇಲೂ ಬರಬಹುದು. ಆದ್ದರಿಂದ ಕಣ್ಣು ಹಳದಿಯಾಗಿ ಉಚ್ಚೆ ಗಾಢವಾದರೆ ನಾಟಿ ಔಷಧಿಗೆ, ಸುಡಿಸಲು ಓಡುವ ಮೊದಲು ಡಾಕ್ಟರರಿಗೆ ತೋರಿಸಿ, ಹಿಂದಿನ ತಿಂಗಳು ಈ ಸಿರಪ್ ಕುಡಿದಿದ್ದನ್ನೂ ಹೇಳಿ. ಒಮ್ಮೆ ಇದರಿಂದಲೇ ಕಾಮಣಿ ಆಗಿದೆ ಎಂದು ಖಚಿತವಾದರೆ ಈ ಜೋಡಿಯನ್ನು ಮತ್ತೆ ಕೊಡುವಂತಿಲ್ಲ. ಅದನ್ನೂ ಕಾರ್ಡಿನಲ್ಲಿ ಬರೆಸಿ.

ಕೊನೆಯ ಪತ್ರ ಯಾದಗಿರಿಯಿಂದ. ಕೆಲಸಕ್ಕೆಂದು ಕೂಸು ಕಟ್ಟಿಕೊಂಡು ಪುಣೆಗೆ ಹೊರಟಿದ್ದಾರೆ. ಔಷಧಿ ಇನ್ನೂ ಮೂರು ದಿನ ಬಾಕಿ, ದಾರಿಯಲ್ಲಿ ಬಾಟಲಿ ಹೇಗೆ ಒಯ್ಯುವುದು ಎಂದು ಕೇಳಿದ್ದಾರೆ. ಹೊರಡುವ ಮೊದಲೇ ಡಾಕ್ಟರರಿಗೆ ಹೇಳಿ ಉಳಿದ ದಿನಗಳಿಗೆ ಡಿಟಿ ಗುಳಿಗೆ ಬರೆಸಿಕೊಂಡರೆ ತಲೆನೋವೇ ಇಲ್ಲ. ಅದು ಆಗದಿದ್ದರೆ ಎರಡನೇ ಬಾಟಲಿಯನ್ನು ಒಣ ಪುಡಿಯಾಗಿಯೇ ಒಯ್ದು, ಮುಟ್ಟಿದ ಮೇಲೆ ಅಲ್ಲಿ ಫ್ರಿಜ್ ಇರುವವರನ್ನು ಹುಡುಕಿಕೊಂಡು ನೀರು ಬೆರೆಸಿ. ಈಗಾಗಲೇ ಬೆರೆಸಿದ ಬಾಟಲಿಯನ್ನು ಬಸ್ಸಿನ ಕಿಟಕಿಯ ಬದಿಗೆ ಇಟ್ಟುಕೊಂಡು ಹೋಗಬೇಡಿ. ಚೀಟಿ ಜೊತೆಗಿರಲಿ. ಅಲ್ಲಿಯ ಡಾಕ್ಟರರಿಗೆ ಕನ್ನಡ ಬರದಿದ್ದರೂ ಚೀಟಿ ಓದಲು ಬರುತ್ತದೆ.